ಕಾಲು ಎಟುಕದಲ್ಲಿ

ಬಸ್ತ್ಯಾಂವನ ವೆಲ್ಡಿಂಗ್ ಶೆಡ್ಡು ಕೋಡಿಬಾಗದ ತಿರುವಿನಲ್ಲಿ.
ಗೋಡೆಗೆ ಒರಗಿವೆ ಮೂರು ಚಾಕ್,
ಟ್ರೇಲರಿನಲ್ಲಿ ಬೈಕಿನ ಮುಂಗಾಲಿಯನ್ನು
ಕಚ್ಚಿ ನಿಲ್ಲಿಸುವ ಕಬ್ಬಿಣದ ಬಾಯಿಗಳು.
"ಯಾವ್ದಾದ್ರೂ ಸೈ. ಗಾಲಿ ಎಲ್ಲಾ ಗುಂಡಗೇ ಇರ್ತದೆ."

ಗಾಲಿ ಗುಂಡಗಿದೆ, ಹೌದು.
ನಾನು ನಾಲ್ಕಡಿ ಹನ್ನೊಂದಿಂಚು.
ಸೀಟು ಮೂವತ್ತೆರಡು, ನನ್ನ ಕಾಲು ಇಪ್ಪತ್ತಾರು,
ಉಳಿದ ಆರು ಇಂಚನ್ನು
ಹದಿಮೂರು ವರ್ಷದಿಂದ ಸೊಂಟ ತುಂಬಿಕೊಡುತ್ತಿದೆ:
ಸಿಗ್ನಲ್ಲಿನಲ್ಲಿ ಒಂದು ಪಕ್ಕಕ್ಕೆ ಜಾರಿ
ಒಂದು ಕಾಲು ನೆಲಕ್ಕೆ, ಇನ್ನೊಂದು ದೇವರಿಗೆ.
ಮೂರ್ತಿ ಚಿಕ್ಕದಾದರೂ, ಎಂದು ಶುರು ಮಾಡುವವರನ್ನು
ಅಲ್ಲಿಗೇ ನಿಲ್ಲಿಸುತ್ತೇನೆ.
ಕೀರ್ತಿ ಬಂದು ಸೈಡ್ ಸ್ಟ್ಯಾಂಡ್ ಹಾಕಿಕೊಡುವುದಿಲ್ಲ.

ಮೊದಲನೆಯದು ಅಗ್ಗ.
ಎರಡು ಪಟ್ಟಿ, ನಡುವೆ ಸಂದು, ಅಷ್ಟೆ.
ಗಾಲಿ ಮುಂದೆ ಹೋಗದ ಹಾಗೆ ತಡೆಯುತ್ತದೆ.
ಪಕ್ಕಕ್ಕೆ ವಾಲಿದರೆ?
"ಹಿಡ್ಕೊಳ್ಳೋಕೆ ಒಬ್ರು ಇರ್ತಾರಲ್ಲ."
ಬೆಲ್ಟು ಬಿಗಿಯುವ ತನಕ ಇಡೀ ಬೈಕು
ಇಲ್ಲದ ಆ ಒಬ್ಬರ ಕೈಯಲ್ಲಿರುತ್ತದೆ.

ಹೋದ ವರ್ಷ ಅಂಥದ್ದೇ ಇತ್ತು ನನ್ನಲ್ಲಿ.
ದಾಂಡೇಲಿಯ ಕೆಸರು ರೇಸಿಗೆಂದು ಬೆಳಗಿನ ಐದಕ್ಕೆ
ಭಾವನ ಟ್ರೇಲರಿಗೆ,
ಐಸಿನದೂ ಬಂಗಡೆಯದೂ ವಾಸನೆ ಇನ್ನೂ ಬಿಡದ್ದು,
ಹಲಗೆ ಇಟ್ಟು ಏರಿಸಿದೆ. ಏರಿತು.
ಗಾಲಿ ಸಂದಿನಲ್ಲಿ ಕೂತಿತು.
ಇಳಿಯಲೆಂದು ಎಡಗಾಲು ಚಾಚಿದೆ,
ಟ್ರೇಲರಿನ ಅಂಚು ಮುಗಿದಿತ್ತು.
ಹೆಬ್ಬೆರಳು ಕತ್ತಲಲ್ಲಿ ನೆಲವನ್ನು ಹುಡುಕಿತು,
ಹುಡುಕುತ್ತಲೇ ಹೋಯಿತು.

ನೂರ ತೊಂಬತ್ತು ಕಿಲೋ ವಾಲುವುದನ್ನು
ಮೇಲೆ ಕೂತು ನೋಡಿದ್ದೀರಾ?
ಎಮ್ಮೆ ಮಲಗುವ ಹಾಗೆ.
ಮೊದಲು ಯೋಚನೆ, ಆಮೇಲೆ ಒಮ್ಮೆಲೇ.
ಕ್ಲಚ್ಚಿನ ಹಿಡಿಕೆ ಹೋಯಿತು. ಮೊಣಕೈ ಉಳಿಯಿತು.
ಬುಟ್ಟಿ ಇಳಿಸಿ ಓಡಿ ಬಂದ ಮೂವರಲ್ಲಿ ಒಬ್ಬ ಕೇಳಿದ:
ಮನೇಲಿ ಗಂಡಸರು ಯಾರೂ ಇಲ್ವಾ?
ಇದ್ದರು. ಮಲಗಿದ್ದರು.

ಎರಡನೆಯ ಚಾಕ್ ಎತ್ತರದ್ದು, ಗಟ್ಟಿ,
ಗಾಲಿಯನ್ನು ಎರಡೂ ಬದಿಯಿಂದ ಅಪ್ಪುತ್ತದೆ.
ಆದರೆ ಪಿನ್ನು ಆಚೆ ಪಕ್ಕ.
ಟ್ಯಾಂಕಿನ ಮೇಲೆ ಬಗ್ಗಿ ಕೈ ಚಾಚಿ ತೋರಿಸಿದೆ ಅವನಿಗೆ.
ಬೆರಳಿಗೂ ಪಿನ್ನಿಗೂ ನಡುವೆ
ಮತ್ತೆ ಅದೇ ಆರು ಇಂಚು,
ಶಾಲೆಯ ಅಡ್ಡಹೆಸರಿನ ಹಾಗೆ ಊರೂರಿಗೂ ಬರುತ್ತದೆ.

ಮೂರನೆಯದು ತೊಟ್ಟಿಲು.
ಗಾಲಿಯ ಭಾರಕ್ಕೆ ಮುಂದಕ್ಕೆ ಮಗುಚಿ
ಹಿಂದಿನಿಂದ ಹಿಡಿದುಕೊಳ್ಳುತ್ತದೆ ತಾನೇ.
ಟಕ್ ಎಂದಿತು.
ಒಂದು ಕೈ ಬಿಟ್ಟೆ. ಇನ್ನೊಂದನ್ನೂ.
ಬೈಕು ನಿಂತೇ ಇತ್ತು,
ನಾನು ಹತ್ತಿರ ಇರುವುದೇ ತನಗೆ ಗೊತ್ತಿಲ್ಲದವರ ಹಾಗೆ.
ಬಸ್ತ್ಯಾಂವ ಬೀಡಿ ಆರಿಸಿದ.

ಬೈತಖೋಲದಲ್ಲಿ ಮಳೆಗೆ ಮುಂಚೆ ದೋಣಿ ಮೇಲೆಳೆದಾಗ
ಆಯಿ ಎರಡೂ ಪಕ್ಕಕ್ಕೆ ಮರದ ಊರೆ ಕೊಡುತ್ತಿದ್ದಳು,
ಕಲ್ಲಿನಿಂದ ಕುಟ್ಟಿ, ಕಿವಿಯಿಟ್ಟು, ಮತ್ತೆ ಕುಟ್ಟಿ.
ದಡದ ಮೇಲೆ ದೋಣಿಗೂ ಕಾಲಿಲ್ಲ.
ಅದನ್ನು ಯಾರೂ ಗಿಡ್ಡ ಅನ್ನಲಿಲ್ಲ.

ಟೇಪು ತಂದು ಟೈರಿನ ಅಗಲ ಬರೆದುಕೊಂಡ.
ನನ್ನದೂ ಅಳೆ, ಅಂದೆ.
"ನಿಮ್ಮದು ಎಂಥಕ್ಕೆ?"
ಚಾಕ್ ಬೈಕನ್ನು ಹಿಡಿಯುತ್ತದೆ, ನನ್ನನ್ನು?
ಟ್ರೇಲರಿನ ಎಡ ಮಗ್ಗುಲಿಗೆ ಒಂದು ಮೆಟ್ಟಿಲು ಬೇಕು,
ಅಂಚು ಮುಗಿಯುವಲ್ಲಿ,
ನನ್ನ ಕಾಲು ಇರುವಷ್ಟಕ್ಕೇ.

ನಾಚಿಕೊಂಡು ಟೇಪಿನ ತುದಿ ನನಗೇ ಕೊಟ್ಟ.
ಹಿಮ್ಮಡಿಯಿಂದ ಹಿಡಿದು ನಾನೇ ಓದಿದೆ.
ಸೀಮೆಸುಣ್ಣದ ಗೆರೆ ಎಳೆದ. ತಲೆ ಕೆರೆದ.
"ಇದು ಬೇರೆಯವ್ರಿಗೆ ಮಾರೋಕೆ ಬರೂದಿಲ್ಲ, ನೋಡಿ."
ಮಾರುವುದಿಲ್ಲ.
ಕಿಡಿ ಹಾರುವಷ್ಟು ಹೊತ್ತೂ ಹಿಂದೆ ತಿರುಗಿ ನಿಂತು
ಹೆದ್ದಾರಿಯ ಲಾರಿಗಳನ್ನು ಎಣಿಸಿದೆ, ಹದಿನೇಳು.

ಆರಲಿ, ಮುಟ್ಟಬೇಡಿ, ಅಂದ.
ಅಷ್ಟರಲ್ಲಿ ಹತ್ತಿ ಕೂತಾಗಿತ್ತು.
ಎಡಗಾಲು ಇಳಿಬಿಟ್ಟೆ, ನೋಡದೆ.
ಚಪ್ಪಲಿಯ ರಬ್ಬರು
ಬಿಸಿ ಕಬ್ಬಿಣಕ್ಕೆ ಒಂಚೂರು ಅಂಟಿತು.