ಮತ್ತಿತರರು

ಜೂನ್ ಒಂದಕ್ಕೆ ಬೈತಖೋಲ ಬಂದರು ಬಂದ್.
ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತವು.
ಡೀಸೆಲ್ ಟೋಕನ್ ಬರೆಯುವ ನನಗೆ
ಎರಡು ತಿಂಗಳು ಕೈಗೆ ಕೆಲಸವಿಲ್ಲ,
ಕಣ್ಣಿಗೂ ಇಲ್ಲ.

ಹಾಗೊಂದು ಮಧ್ಯಾಹ್ನ, ಟಿವಿಯಲ್ಲಿ,
ಅರ್ಧ ಮುಗಿದಿದ್ದ ಯಾವುದೋ ಹಳೇ ಪಿಕ್ಚರಿನಲ್ಲಿ
ಒಬ್ಬ ಕಂಪೌಂಡರ್ ಬಂದ.
ನಾಯಕನ ತಾಯಿ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳೆಂದು
ಹೇಳಲು ಬಂದವನು.
ಹೇಳುವ ಮುಂಚೆ ಹೊಸ್ತಿಲಾಚೆ ಚಪ್ಪಲಿ ಬಿಟ್ಟ.
ಬಗ್ಗಿ, ಒಂದರ ಪಕ್ಕ ಒಂದು ಜೋಡಿಸಿಟ್ಟ.
ತಲೆ ಎತ್ತಲು ತಡ ಮಾಡಿದ.
ಅಷ್ಟರಲ್ಲೇ ನನಗೆ ಗೊತ್ತಾಯಿತು.
ನಾಯಕನಿಗೆ ಗೊತ್ತಾಗಲು
ಇನ್ನೂ ಒಂದು ಬುಟ್ಟಿ ಮಾತು ಬೇಕಾಯಿತು.

ಯಾರಿವನು?
ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ,
ಬಲೆ ತಪ್ಪಿಸಿಕೊಂಡ ತಾರ್ಲೆಯ ಹಾಗೆ.
ಕ್ರಿಸ್ತಾಬಾಯಿಯ ಮೊಮ್ಮಗ ರುಜಾರ್
ಅದೇ ಪಿಕ್ಚರನ್ನು ಮೊಬೈಲಿನಲ್ಲಿ ಹುಡುಕಿ
ಬೆರಳಿನಿಂದ ಒತ್ತಿ ಹಿಡಿದ.
ನಿಂಗರಾಜ ಮೊರಬ.
ಅದರ ಕೆಳಗೆ: ಮತ್ತಿತರರು.
ಇನ್ನೊಂದು ಸಾಲು ಜಾರಿದ್ದರೆ
ಇವನೂ ಸಮುದ್ರಪಾಲು.

ಹನ್ನೊಂದು ಪಿಕ್ಚರ್ ಸಿಕ್ಕವು.
ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ
ಮಗಳ ಮದುವೆಗೆ ಒಪ್ಪಿಗೆ ಕೊಡುವ ಟೇಲರ್.
ತೂರಾಡದೆ, ಬೇಕೆಂದೇ ತೀರಾ ನೆಟ್ಟಗೆ ನಡೆಯುವ ಕುಡುಕ.
ಒಂದರಲ್ಲಿ ಹೆಣ.
ಹೆಣವಾಗಿಯೂ ಚೆನ್ನಾಗಿದ್ದ.

ಹಳೇ ಟೋಕನ್ ಪುಸ್ತಕದ ಹಿಂಬದಿಗೆ ಲೆಕ್ಕ ಬರೆದೆ:
ಒಟ್ಟು ಇಪ್ಪತ್ತೇಳು ನಿಮಿಷ ನಲವತ್ತು ಸೆಕೆಂಡ್.
ಅಷ್ಟು ಮನುಷ್ಯನಿಗೆ ಇಷ್ಟು ಹುಚ್ಚೆ,
ಐವತ್ತೆರಡಾಯಿತಲ್ಲ ನಿನಗೆ, ಎಂದಳು ತಂಗಿ.
ಮನೆಯಲ್ಲಿ ಕೊಂಕಣಿಯ ನಡುವೆ ನಾನು
‘ಹೌದ್ರೀ’ ಅನ್ನತೊಡಗಿದ್ದೆ, ಅವನ ಹಾಗೆ, ‘ರೀ’ ಎಳೆದು.
ಪೋಸ್ಟರುಗಳಲ್ಲಿ ಅವನಿಲ್ಲ. ಸಂಘವಿಲ್ಲ.
ಇದ್ದರೆ ಅಧ್ಯಕ್ಷೆ ನಾನೇ, ಸದಸ್ಯೆ ನಾನೇ,
ಕುರ್ಚಿ ತಂದು ಹಾಕುವವಳೂ ನಾನೇ.

ಆಗಸ್ಟಿನಲ್ಲಿ ಬಂದರು ತೆರೆಯಿತು.
ಎರಡನೇ ವಾರ, ದೇವಗಡದ ಆಚೆ,
ಬಲೆ ಎಳೆಯುವಾಗ ಒಬ್ಬ ಬಿದ್ದ.
ಹೆಂಗಸಾದರೆ ಹೇಳಲು ಸುಲಭ ಎಂದರು
ಸೊಸೈಟಿಯ ಚೇರ್ಮನ್, ಸ್ಕೂಟರಿನ ಬೀಗದಕೈ ನನಗೆ ಕೊಟ್ಟು.

ಮಾಜಾಳಿ. ಶೇವಂತಿಯ ಮನೆ.
ಒಳಗೆ ಸಿಗಡಿ ಸುಲಿಯುತ್ತ ಕೂತಿದ್ದಳು.
ನಾನು ಚಪ್ಪಲಿ ಬಿಟ್ಟೆ.
ಬಗ್ಗಿದೆ, ಜೋಡಿಸಿದೆ,
ಬಗ್ಗಿದ್ದಾಗಲೇ ಅವನ ನೆನಪಾಯಿತು.
ಥೂ, ಈ ಹೊತ್ತಿನಲ್ಲೂ ನಾಟಕವೆ?
ಕಿವಿ ಬಿಸಿಯಾಯಿತು.
ಆದರೂ ತಲೆ ಎತ್ತಲಾಗಲಿಲ್ಲ.
ಬಟ್ಟಲಿನಲ್ಲಿ ಆಡುತ್ತಿದ್ದ ಕೈಯ ಸದ್ದು
ನಿಂತಿತು.
ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಯಾವ ಮನೆಯ ಬಾಗಿಲಲ್ಲಿ ಕಂಡಿದ್ದನೋ ಅವನು ಇದನ್ನು,
ಅಪ್ಪನದೋ, ತಮ್ಮನದೋ ಸುದ್ದಿ ಬಂದ ದಿನ.
ಅಥವಾ ಕಂಡೇ ಇರಲಿಲ್ಲವೋ.
ಅಷ್ಟು ಹೊಳೆಯುವುದೂ ಒಂದು ಕಸುಬಿರಬಹುದು.

ಎರಡು ರಾತ್ರಿ ಮೊಬೈಲ್ ಮುಟ್ಟಲಿಲ್ಲ.
ಮೂರನೆಯ ರಾತ್ರಿ ಮತ್ತೆ ಹಾಕಿದೆ.
ನಾಯಕ ಪರದೆ ತುಂಬ ಅಳುತ್ತಿದ್ದಾನೆ,
ಅವನ ಭುಜದ ಹಿಂದೆ, ಮೂಲೆಯಲ್ಲಿ, ಮಸುಕಾಗಿ,
ಕಂಪೌಂಡರ್ ಹೊರಟುಹೋಗುತ್ತಾನೆ
ಬರಿಗಾಲಲ್ಲಿ.
ಚಪ್ಪಲಿ ಅಲ್ಲೇ ಉಳಿದಿದೆ.
ನಿರ್ದೇಶಕ ಕಂಡಿದ್ದನೋ ಇಲ್ಲವೋ.
ನಾನೇ ಇಷ್ಟು ದಿನ ಕಂಡಿರಲಿಲ್ಲ.

ಎದ್ದು ಬಾಗಿಲ ಬಳಿ ಹೋಗಿ ದೀಪ ಹಾಕಿದೆ.
ಎರಡೂ ನೀಲಿ ಪಟ್ಟಿಯ ಹವಾಯಿ,
ಒಂದು ನನ್ನದು,
ಒಂದು ಬೆರಳಗಲ ಚಿಕ್ಕದು, ಹಿಮ್ಮಡಿ ಸವೆದದ್ದು.
ಮೂರು ದಿನದಿಂದ ಎಡಗಾಲು ಕಚ್ಚುತ್ತಿತ್ತು,
ಒದ್ದೆಗೆ ಎಂದುಕೊಂಡಿದ್ದೆ.

ನಾಳೆ ಒಯ್ದು ಕೊಡಬೇಕು.
ಕೊಡುವಾಗ ಏನು ಹೇಳಬೇಕು, ಎಲ್ಲಿ ನೋಡಬೇಕು,
ಮೊರಬನ ಯಾವ ಪಿಕ್ಚರಿನಲ್ಲೂ
ಅದಿಲ್ಲ.