ಮುಳ್ಳು ತೆಗೆಯುವ ಕ್ರಮ

ಮೊದಲು ಮುಳ್ಳು ತೆಗೆಯಬೇಕು, ಚೋನಾ.
ಪಾಪಸುಕಳ್ಳಿಯ ಎಲೆಯನ್ನು ಅಂಗೈಯಲ್ಲಿ ಮಲಗಿಸಿ
ಚಾಕು ಓರೆ ಹಿಡಿದು ಕೆರೆ,
ತುದಿಯಿಂದ ಬುಡಕ್ಕೆ, ಮೆಲ್ಲಗೆ.
ಅವಸರ ಮಾಡಿದವಳ ಬೆರಳಲ್ಲಿ
ಎಂಟು ದಿನ ಉಳಿಯುತ್ತದೆ ಅದು, ಕಣ್ಣಿಗೂ ಕಾಣದೆ.

ತ್ಲಾಕೊಲುಲಾದ ಸಂತೆಯಲ್ಲಿ
ಮೂವತ್ತೊಂದು ವರ್ಷ ರೊಟ್ಟಿ ತಟ್ಟಿದವಳು ನಾನು.
ಸುಣ್ಣದ ನೀರಲ್ಲಿ ರಾತ್ರಿಯಿಡೀ ನೆನೆದ ಜೋಳ,
ನಾಲ್ಕಕ್ಕೆ ಗಿರಣಿ, ಐದಕ್ಕೆ ಮಣ್ಣಿನ ಹೆಂಚು.
ರುತಿಲಿಯೊ ಒಂದು ಹೊತ್ತಿಗೆ ಹನ್ನೊಂದು ತಿನ್ನುತ್ತಿದ್ದ.
ಲೆಕ್ಕ ಇಟ್ಟವಳೂ ನಾನೇ, ಹೆಮ್ಮೆಯಿಂದ.

ಆಮೇಲೆ ಅವನ ಎಡಗಾಲಿನ ಕಿರುಬೆರಳು ಕಪ್ಪಾಯಿತು.
ಆಸ್ಪತ್ರೆಯ ನರ್ಸ್ ಯಾದಿರಾ,
ನನ್ನ ಕೊನೆಯ ಮಗಳಿಗಿಂತ ಚಿಕ್ಕವಳು,
ಕಾಗದದ ಮೇಲೊಂದು ತಟ್ಟೆ ಬರೆದಳು.
ಅರ್ಧ ಹಸಿರು. ಕಾಲು ಭಾಗ ಮೊಟ್ಟೆ.
ಉಳಿದ ಕಾಲನ್ನು ಖಾಲಿ ಬಿಟ್ಟಳು.
ಇಲ್ಲಿ? ಅಂದೆ.
ಸದ್ಯಕ್ಕೆ ಇಲ್ಲಿ ಏನೂ ಬೇಡ, ದೋನ್ಯಾ ಎಪಿಫಾನಿಯಾ.
ದೇವರು ನಮ್ಮನ್ನು ಜೋಳದ ಹಿಟ್ಟಲ್ಲಿ ಮಾಡಿದ ಅಂತ
ನನ್ನಜ್ಜಿ ಹೇಳುತ್ತಿದ್ದಳು.
ಯಾದಿರಾಗೆ ಅದನ್ನು ಹೇಳಹೋಗಲಿಲ್ಲ.

ಈಗ ಬೆರಳಗಲ ಹೆಚ್ಚು.
ಉಪ್ಪು, ಒಂದು ಹೋಳು ಈರುಳ್ಳಿ, ಬಾಣಲೆ.
ಲೋಳೆ ಬಿಡುತ್ತದೆ, ನೊರೆಯುತ್ತದೆ, ತಾನೇ ಇಂಗುತ್ತದೆ,
ಗಂಡಸರ ಸಿಟ್ಟಿನ ಹಾಗೆ. ಮುಚ್ಚಳ ಮಾತ್ರ ಹಾಕಬೇಡ.
ಎರಡು ಮೊಟ್ಟೆ ಒಡೆದು ಹಾಕು, ಒಂದು ಹಸಿಮೆಣಸು,
ಎಪಜೋತೆ ಸೊಪ್ಪು ಎರಡೇ ಎಲೆ,
ಮೂರಾದರೆ ಔಷಧಿ ಅಂಗಡಿ ನಾರುತ್ತದೆ.
ಮೇಲೆ ಹಸಿ ಚೀಸ್ ಉದುರಿಸು, ಪಕ್ಕಕ್ಕೆ ಅರ್ಧ ಬೆಣ್ಣೆಹಣ್ಣು.
ಕಾಫಿಗೆ ಚಕ್ಕೆ ಸಾಕು, ಬೆಲ್ಲ ಬೇಡ.
ಮೊದಲ ವಾರವೆಲ್ಲ ಅವನು
ಕುಡಿದ ಕಪ್ಪಿನ ತಳ ನೋಡುತ್ತಿದ್ದ,
ಕರಗದೆ ಉಳಿದಿದೆಯೇನೋ ಅಂತ.

ರುಚಿಯ ತಕರಾರು ಇರಲಿಲ್ಲ.
ತಕರಾರು ಕೈಯದು.
ಅರವತ್ತಮೂರು ವರ್ಷ ರೊಟ್ಟಿಯೇ ಚಮಚವಾಗಿದ್ದವನು
ಮೊಟ್ಟೆಯನ್ನು ಯಾವುದರಿಂದ ಎತ್ತಬೇಕು?
ಫೋರ್ಕ್ ಕೊಟ್ಟೆ, ಹಾರೆ ಹಿಡಿದಂತೆ ಹಿಡಿದ.
ಮೊಟ್ಟೆ ಅಂಗಿಯ ಮೇಲೆ, ಬೈಗುಳ ನನ್ನ ಮೇಲೆ.
ಬಲಗೈ ಹೆಣಗುವಾಗ ಎಡಗೈ
ಬಟ್ಟೆ ಮುಚ್ಚಿದ ಬುಟ್ಟಿ ಎಲ್ಲಿರಬೇಕೋ ಅಲ್ಲಿಗೆ ಹೋಗಿ
ಬರೀ ಮೇಜು ತಡವಿ ವಾಪಸಾಗುತ್ತಿತ್ತು.
ಬಾಯಿ ಕಟ್ಟಬಹುದು, ಚೋನಾ.
ಕೈ ಕಟ್ಟುವುದೇ ಕಷ್ಟ.

ಕೊನೆಗೊಂದು ದಿನ ಬೇಸತ್ತು
ಇಡೀ ಎಲೆಯನ್ನೇ ರೊಟ್ಟಿಯ ಹೆಂಚಿಗೆ ಹಾಕಿದೆ.
ಚುಕ್ಕೆ ಚುಕ್ಕೆ ಸುಟ್ಟಿತು. ಮೆತ್ತಗಾಯಿತು.
ಮಡಚಿದರೆ ಮಡಚಿಕೊಂಡಿತು.
ಅವನು ಅದರೊಳಗೆ ಮೊಟ್ಟೆ ಇಟ್ಟು
ಮೂರು ಬೆರಳಲ್ಲಿ ಹಿಡಿದ, ಮೊದಲಿನ ಹಾಗೆ.
ಹುಳಿ, ಅಂದ.
ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಹಾಕು, ಅಂದ.

ಮೂರು ತಿಂಗಳಿಗೆ ಅವನ ಸಕ್ಕರೆ ಇಳಿಯಿತು.
ಹೇಗೂ ಬಂದಿದ್ದೀರಲ್ಲ, ನಿಮ್ಮ ಬೆರಳೂ ಕೊಡಿ,
ಅಂದಳು ಯಾದಿರಾ.
ಹೆಂಚಿಗೆ ಸುಟ್ಟು ಸುಟ್ಟು ಜಡ್ಡುಗಟ್ಟಿದ ಬೆರಳು,
ಎರಡು ಸಲ ಚುಚ್ಚಬೇಕಾಯಿತು.
ಯಂತ್ರದಲ್ಲಿ ಬಂದ ಅಂಕಿ
ಅವನ ಹಳೆಯ ಅಂಕಿಗಿಂತ ದೊಡ್ಡದು.
ಅವನಿಗೆಂದು ಕೈ ತಾನಾಗಿ ತಟ್ಟುತ್ತಿದ್ದ ಹನ್ನೊಂದನ್ನೂ
ನಾನೇ ತಿನ್ನುತ್ತಿದ್ದೆ,
ಹೆಂಚಿನ ಹಿಂದೆ ನಿಂತು, ಉಪ್ಪು ಸವರಿಕೊಂಡು,
ಬಿಸಾಡಲು ಮನಸ್ಸು ಬಾರದೆ.

ಈಗ ಬೆಳಗಾದರೆ ಹೆಂಚಿನ ಮೇಲೆ ಎರಡು ಎಲೆ, ನಮಗೆ.
ಆಮೇಲೆ ಊರಿಗೆ ರೊಟ್ಟಿ.
ನಿನ್ನ ಚೀಲದಿಂದ ಇಣುಕುವ ಆ ಕಾಗದದಲ್ಲೂ
ಅರ್ಧ ಹಸಿರು ಬಳಿದ ತಟ್ಟೆ ಇದೆ,
ನೀನು ಬಂದಾಗಲೇ ಕಂಡೆ. ಕೇಳಲಿಲ್ಲ.

ಮೆಲ್ಲಗೆ ಅಂದೆನಲ್ಲ.
ನೋಡು, ಹೊಕ್ಕಿತು.
ಕೊಡಿಲ್ಲಿ ಬೆರಳು.