ಕೈಗೆ ಸಿಗುವಷ್ಟು

ನಾಳೆ ನನ್ನ ವಾರದ ರಜೆ.
ಲಿಂಗರಾಜಪುರದ ಎರಡನೇ ಮಹಡಿ, ರಾತ್ರಿ ಹತ್ತೂವರೆ,
ಹಳೆ ಬೆಡ್‌ಶೀಟು ಹಾಸಿ ಇದ್ದಬದ್ದದ್ದೆಲ್ಲ ಸುರುವಿದ್ದೇನೆ:
ರೀಲು ಮೂರು, ಕೋಲು ಎರಡು (ಒಂದರ ತುದಿ
ಮೆಟ್ಟಿಲ ತಿರುವಿಗೆ ಸಿಕ್ಕಿ ಮುರಿದದ್ದು),
ರಬ್ಬರಿನ ಕಪ್ಪೆ ಹದಿನೇಳು.
‘ಇಷ್ಟೊಂದು ಕಪ್ಪೆ ಯಾಕಮ್ಮ,
ಮದುವೆ ಮಾಡ್ಸಿ ಮಳೆ ಬರಿಸ್ತೀಯಾ?’
ಮಗಳಿಗೆ ನಾಳಿದ್ದು ಪರೀಕ್ಷೆ, ಅದಕ್ಕೇ ಇಷ್ಟು ಮಾತು.

ದೋಣಿ ಮೇಲಿದೆ, ನೀರಿನ ಟ್ಯಾಂಕಿನ ಪಕ್ಕ ಬೋರಲು.
ಕಯಾಕ್ ಅನ್ನಬೇಕಂತೆ. ಓನರಮ್ಮ ಅದನ್ನು
ತೊಟ್ಟಿಲು ಅನ್ನುತ್ತಾರೆ, ಬಾಡಿಗೆಗೆ ನೂರು ಸೇರಿಸಿದ್ದಾರೆ.
ಹತ್ತಡಿ ಉದ್ದ, ಎರಡೂವರೆ ಅಗಲ.
ಒಮ್ಮೆ ಕೂತರೆ ಏಳುವ ಹಾಗಿಲ್ಲ,
ಹಿಂದೆ ತಿರುಗಿ ತಡಕಿದರೆ
ಕೆರೆಯೇ ಮಡಿಲಿಗೆ ಬರುತ್ತದೆ.
ಕೈ ಚಾಚಿದಷ್ಟು ಮನೆ. ಮಿಕ್ಕದ್ದು ನೀರು.

ಹಾಗಾಗಿ ಆಯಬೇಕು.

ಹನ್ನೊಂದು ವರ್ಷದಿಂದ ಚರ್ಮದ ಬ್ಯಾಗು ಹೆಗಲಿಗೆ.
ಸಂಜೆ ಆರಕ್ಕೆ ಟಿನ್ ಫ್ಯಾಕ್ಟರಿ ಮುಂದೆ
ಎಂಬತ್ತು ಜನರ ಬೆವರಿನ ನಡುವೆ ಒಂಟಿಕಾಲಲ್ಲಿ ನಿಂತು
ನೋಡದೇ ಬೆರಳಿಟ್ಟರೆ
ಹತ್ತರ ನೋಟು ಹತ್ತರ ಖಾನೆಯಲ್ಲಿ,
ಐದರ ಬಿಲ್ಲೆ ಐದರದ್ದರಲ್ಲಿ,
ಹರಿದ ನೋಟು ಕೊನೆಗೆ, ಯಾರಿಗೂ ದಾಟಿಸಲಾಗದೆ.

ಗಾಳಗಳಿಗೆ ಒಗ್ಗರಣೆ ಡಬ್ಬಿ.
ಅಂಗಡಿಯ ಡಬ್ಬಿಗೆ ಸಾವಿರದಿನ್ನೂರು ಹೇಳಿದ;
ಇದು ನಮ್ಮತ್ತೆಯದು, ಮುಚ್ಚಳದಲ್ಲಿ
ಚುಕ್ಕಿ ಚುಕ್ಕಿಯಾಗಿ ಪುಟ್ಟಹೊನ್ನಮ್ಮ.
ಸಾಸಿವೆ ಬಟ್ಟಲಿಗೆ ಸೀಸದ ಗುಂಡು,
ಮೆಂತ್ಯದ್ದಕ್ಕೆ ತಿರುಗುಣಿ, ಜೀರಿಗೆಯದ್ದಕ್ಕೆ ಸಣ್ಣ ಗಾಳ.
ನಡುವಿನ ಬಟ್ಟಲು ಖಾಲಿ.
ನೀರ ಮೇಲೆ ಬಿಚ್ಚಿದ್ದನ್ನು ಒಂದು ಗಳಿಗೆ ಇಡಲು
ಜಾಗ ಬೇಕಾಗುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ.
ಇಂಗಿನ ವಾಸನೆ ಇನ್ನೂ ಹೋಗಿಲ್ಲ.
ಕುಚ್ಚುಮೀನು ಈವರೆಗೆ ತಕರಾರು ತೆಗೆದಿಲ್ಲ.

‘ಕಟ್ಟದ್ದು ಕೆರೆಯದ್ದು’
ಅಂದಿದ್ದ ರಿಟೈರಾದ ಡ್ರೈವರ್ ಸಿಲ್ವೆಸ್ಟರ್.
ಇಪ್ಪತ್ತು ವರ್ಷ ಹೊರವರ್ತುಲದಲ್ಲಿ ಬ್ರೇಕು ತುಳಿದವನು
ಈಗ ಬೂದಿಗೆರೆ ಕಡೆ ಹುಟ್ಟು ಹಾಕುತ್ತಾನೆ, ಬ್ರೇಕಿಲ್ಲದೆ.
ನಾನು ನಕ್ಕೆ. ಆಮೇಲೆ ಕೆರೆಗೆ ಕೊಟ್ಟೆ
ಒಂದು ಇಕ್ಕಳ, ಎರಡು ಕತ್ತರಿ, ಎಡಗಾಲ ಚಪ್ಪಲಿ,
ಕಂತು ತೀರದ ಕನ್ನಡಕ.
ಈಗ ಎಲ್ಲಕ್ಕೂ ದಾರ, ದಾರಕ್ಕೊಂದು ಗಂಟು,
ಜಾಕೆಟ್ಟಿನ ಕೊರಳಿಗೆ ನನ್ನ ಡ್ಯೂಟಿ ವಿಸಿಲ್.
ಮಂಜು ಕವಿದರೆ ಒಂದು ಊದಿದರೆ ನಿಲ್ಲುತ್ತಾನೆ,
ಎರಡಕ್ಕೆ ಹೊರಡುತ್ತಾನೆ. ಅಭ್ಯಾಸ.

ಹದಿನೇಳರಲ್ಲಿ ಮೂರು ಕಪ್ಪೆ ಸಾಕು.
ಮೋಡಕ್ಕೆ ಕರಿಯದು, ಬಿಸಿಲಿಗೆ ಹಸಿರು,
ಮೂರನೆಯದಕ್ಕೆ ಕಾಲಿಲ್ಲ, ಮೀನು ಕಿತ್ತದ್ದು,
ಅದನ್ನು ಬಿಡಲು ಮನಸ್ಸಿಲ್ಲ.
ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟೆ,
ಹಿಡಿದದ್ದನ್ನು ಬಿಡುವುದೂ ಸಲೀಸಾಗಲಿ.
ಮರಿಗಳು ಕೆಂಪಗೆ ಕುದಿಯುವ ಕಡೆ
ಗಾಳ ಹಾಕುವುದೇ ಇಲ್ಲ. ಕೆಳಗೆ ತಾಯಿ ಇರುತ್ತಾಳೆ,
ಅಪ್ಪನೂ, ಅದು ಮೀನಲ್ಲಿ ಮಾತ್ರ ಅನ್ನುತ್ತಾಳೆ ಮಗಳು,
ಅದಕ್ಕೆ ನಾನು ಉತ್ತರ ಹೇಳುವುದಿಲ್ಲ.

ಸೀಮೆಸುಣ್ಣದಲ್ಲಿ ನೆಲದ ಮೇಲೆ ದೋಣಿ ಬರೆದೆ.
ಹತ್ತಡಿ ಹಾಲಿಗೆ ಹಿಡಿಸದೆ ಮೂತಿ ಅಡುಗೆಮನೆಯಲ್ಲಿ.
ಒಳಗೆ ಕೂತು ಎಲ್ಲವನ್ನೂ ಜೋಡಿಸಿಕೊಂಡೆ.
‘ಕಣ್ಮುಚ್ಚು’ ಅಂದಳು, ದೀಪ ಆರಿಸಿದಳು.
‘ಕತ್ತರಿ?’ ಬಲತೊಡೆಯ ಪಕ್ಕ. ‘ಇಕ್ಕಳ?’ ಎಡಮೊಣಕಾಲು.
‘ಕರಿ ಕಪ್ಪೆ?’ ಮುಚ್ಚಳ, ಎರಡನೇ ಬಟ್ಟಲು, ಇಗೋ.
‘ಒಂದು ಮೆಜೆಸ್ಟಿಕ್!’
ಕೈ ತಾನಾಗಿ ಸೊಂಟಕ್ಕೆ ಹೋಯಿತು,
ಅಲ್ಲಿ ಬರೀ ನೈಟಿ.

ಇಬ್ಬರೂ ಕತ್ತಲೆಯಲ್ಲಿ ನಕ್ಕೆವು,
ಕೆಳಗಿನ ಮನೆಯವರು ಪೊರಕೆಯಿಂದ ಸೂರು ತಟ್ಟುವವರೆಗೆ.

ನಾಲ್ಕಕ್ಕೆ ಇಮ್ತಿಯಾಜನ ಲಗೇಜ್ ಆಟೋ ಬರುತ್ತದೆ.
ಬುತ್ತಿ ಎಲ್ಲಿಡುವುದು,
ಅದೊಂದು ಇನ್ನೂ ತೀರ್ಮಾನವಾಗಿಲ್ಲ.